ಕಾಲಾಳಿನ ಬೆಲೆ

ಚದುರಂಗದಲ್ಲಿ ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದಿಟ್ಟು ಆಟ ಹೂಡುವವರನ್ನು ಲೋಕ ಶಾಂತಸ್ವಭಾವದವರೆಂದು ಬಗೆಯುತ್ತದೆ. ಕೋಟೆ ಕಟ್ಟಿ, ಕಣಜ ತುಂಬಿ, ಬಳಿಕ ಯುದ್ಧಕ್ಕೆ ಹೊರಡುವವರ ದಾರಿಯದು. ಆದರೆ ಆ ಸಾಧುವಾದ ಬಾಗಿಲಿನಿಂದಲೇ ಬಿರುಗಾಳಿಯೊಂದು ಹೊರಬೀಳುವುದೂ ಉಂಟು. ಅದರ ಹೆಸರು ಬ್ಲ್ಯಾಕ್‌ಮಾರ್-ಡೀಮರ್ ಗ್ಯಾಂಬಿಟ್.

ಗ್ಯಾಂಬಿಟ್ ಎಂಬ ಮಾತಿನ ಮೂಲ ಇಟಲಿಯ ಭಾಷೆಯಲ್ಲಿದೆ. ಕಾಲು ಕೊಟ್ಟು ಕೆಡಹುವುದೆಂದು ಅದರ ಅರ್ಥ. ಶಬ್ದಗಳ ಬೇರನ್ನು ಕೆದಕುವುದು ಕನ್ನಡ ಅಧ್ಯಾಪಕನಾದ ನನಗೆ ಅಂಟಿದ ಚಟ. ಇಲ್ಲಿ ಬೇರೇ ಆಟದ ಗುಟ್ಟನ್ನು ಹೇಳಿಬಿಡುತ್ತದೆ: ಕೊಡುವುದೆಲ್ಲ ಕೆಡಹುವುದಕ್ಕಾಗಿ.

ನಡೆಗಳು ಹೀಗೆ. ಕರಿಯೂ ತನ್ನ ಮಂತ್ರಿಯ ಕಾಲಾಳನ್ನು ಎದುರಿಗೆ ನಿಲ್ಲಿಸಿದೊಡನೆ ಬಿಳಿ ತನ್ನ ರಾಜನ ಕಾಲಾಳನ್ನು ಎರಡು ಮನೆ ನಡೆಸಿ ಅದರ ಬಾಯಿಗೊಡ್ಡುತ್ತದೆ. ಕರಿ ಹೊಡೆಯುತ್ತದೆ. ಬಿಳಿಯ ಮಂತ್ರಿಯ ಕಡೆಯ ಕುದುರೆ ಹೊರಬಂದು ಆ ಕಾಲಾಳಿನ ಮೇಲೆ ಕಣ್ಣಿಡುತ್ತದೆ. ಕರಿಯ ಕುದುರೆಯೊಂದು ಕಾವಲಿಗೆ ಬರುತ್ತದೆ. ಆಗ ಬಿಳಿ ರಾಜನ ಕಡೆಯ ಒಂಟೆಯ ಮುಂದಿನ ಕಾಲಾಳನ್ನು ಒಂದು ಮನೆ ನೂಕುತ್ತದೆ. ಕರಿ ಅದನ್ನೂ ಹೊಡೆದರೆ ಎರಡನೆಯ ಕುದುರೆ ಸೇಡು ತೀರಿಸಿಕೊಳ್ಳುತ್ತದೆ. ಲೆಕ್ಕದಲ್ಲಿ ಬಿಳಿಗೆ ಒಂದು ಕಾಲಾಳು ನಷ್ಟ. ಆದರೆ ಎರಡು ಕುದುರೆಗಳು ಕಣಕ್ಕಿಳಿದಿವೆ, ಎರಡೂ ಒಂಟೆಗಳಿಗೆ ಹಾದಿ ತೆರೆದಿದೆ. ಕೋಟೆ ಕಟ್ಟಿಕೊಂಡರೆ ಆನೆಯ ದೃಷ್ಟಿ ಕರಿಯ ರಾಜನೊಬ್ಬನೇ ಕಾಯುತ್ತಿರುವ ಮನೆಯ ಮೇಲೆ ನೇರವಾಗಿ ಬೀಳುತ್ತದೆ. ಸೊತ್ತನ್ನು ತೆತ್ತು ಹೊತ್ತನ್ನು ಕೊಂಡಂತಾಯಿತು.

ಇದರ ಮೊದಲ ರೂಪವನ್ನು 1880ರ ದಶಕದಲ್ಲಿ ಬಳಕೆಗೆ ತಂದವನು ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಿ ಸಂಗೀತಪ್ರಕಾಶಕನಾಗಿದ್ದ ಆರ್ಮಂಡ್ ಬ್ಲ್ಯಾಕ್‌ಮಾರ್. ಆತ ಕುದುರೆಯನ್ನು ಹೊರತರುವ ಮೊದಲೇ ಒಂಟೆಯ ಕಾಲಾಳನ್ನು ನೂಕುತ್ತಿದ್ದ. ಕರಿ ಅದನ್ನು ಹೊಡೆಯದೆ ತನ್ನ ರಾಜನ ಕಾಲಾಳನ್ನು ಎರಡು ಮನೆ ನಡೆಸಿದರೆ ದಾಳಿಯ ಕಾವು ಆರುತ್ತಿತ್ತು. ಕುದುರೆಯೇ ಮೊದಲು ಬರಲೆಂಬ ತಿದ್ದುಪಡಿ 1890ರ ದಶಕದಲ್ಲಿ ಪೋಪಿಯೆಲ್‌ನಿಂದ ಬಂತು. ಅದನ್ನೇ ಬಾಳಿನ ವ್ರತವಾಗಿ ಹಿಡಿದವನು ಜರ್ಮನಿಯ ಎಮಿಲ್ ಯೋಸೆಫ್ ಡೀಮರ್ (1908-1990). ಮೊದಲ ನಡೆಯಿಂದಲೇ ಮಾತ್ ಕಟ್ಟಲು ಹೊರಡಬೇಕೆಂಬುದು 1957ರ ಆತನ ಪುಸ್ತಕದ ಹೆಸರೂ ಹೌದು, ಆತನ ಧರ್ಮವೂ ಹೌದು.

ಆ ಧರ್ಮ ಹಲಗೆಯ ಮೇಲೆ ಬೆರಗು ಹುಟ್ಟಿಸಿತು. ಹಲಗೆಯ ಹೊರಗೆ ಭಯ ಹುಟ್ಟಿಸುತ್ತದೆ. ಡೀಮರ್ ನಾಜಿ ಪಕ್ಷದ ಸದಸ್ಯನಾಗಿದ್ದ. ಇಳಿವಯಸ್ಸಿನಲ್ಲಿ ನೊಸ್ಟ್ರಡಾಮಸನ ಭವಿಷ್ಯವಾಣಿಗಳ ಲೆಕ್ಕದಲ್ಲಿ ಮುಳುಗಿಹೋದ. ಒಂದನ್ನು ಹಿಡಿದರೆ ಸಂಶಯಕ್ಕೆ ಎಡೆಕೊಡದ ಮನಸ್ಸೇ ಮೂರು ಕಡೆಯೂ ಕೆಲಸ ಮಾಡಿತೆಂದು ನನಗೆ ತೋರುತ್ತದೆ.

ಇಂದಿನ ಗಣಕಯಂತ್ರಗಳ ತೀರ್ಪು ಈ ಗ್ಯಾಂಬಿಟ್ಟಿಗೆ ವಿರುದ್ಧವಾಗಿದೆ: ಕರಿ ಸರಿಯಾಗಿ ಆಡಿದರೆ ತೆತ್ತ ಕಾಲಾಳಿಗೆ ಪೂರ್ಣ ಪ್ರತಿಫಲವಿಲ್ಲ. ಆದರೂ ವಿದ್ಯಾರ್ಥಿಗಳು ಇದನ್ನು ಆಡಬೇಕೆಂದೇ ನಾನು ಹೇಳುತ್ತೇನೆ. ಕೊಟ್ಟದ್ದಕ್ಕೆ ಪ್ರತಿಯಾಗಿ ಪಡೆದದ್ದೇನೆಂದು ನಡೆನಡೆಗೂ ಕೇಳಿಕೊಳ್ಳುವುದನ್ನು ಇದು ಕಲಿಸುತ್ತದೆ. ನಮ್ಮ ಕಾವ್ಯಮೀಮಾಂಸಕರು ಅಲಂಕಾರಕ್ಕೆ ಔಚಿತ್ಯದ ಒರೆಗಲ್ಲನ್ನು ಹಿಡಿದರು. ಸಾಹಸಕ್ಕೂ ಅದೇ ಒರೆಗಲ್ಲು. ಹಲಗೆಯ ಮೇಲೆ ಬಲಿಯಾದ ಕಾಲಾಳು ಮರುಪಂದ್ಯಕ್ಕೆ ತನ್ನ ಮನೆಗೆ ಮರಳುತ್ತದೆ. ಬೇರೆ ಕಾಲಾಳುಗಳಿಗೆ ಆ ಭಾಗ್ಯವಿಲ್ಲ.