ಎಳೆ ಎಣಿಸುವ ಕಣ್ಣು

ಇಳಕಲ್ ಸೀರೆಗೆ ಕಸೂತಿ ಹಾಕುವ ಹೆಣ್ಣುಮಕ್ಕಳು ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿ ಸೂಜಿ ಚುಚ್ಚುತ್ತಾರೆ. ಒಂದೆಳೆ ತಪ್ಪಿದರೆ ಗೋಪುರ ಸೊಟ್ಟಗಾಗುತ್ತದೆ. ಇಲಿಯ ಮಿದುಳಿನ ತೆಳುವಾದ ಹೋಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ಕೂತವರದೂ ಇಂಥದೇ ಎಣಿಕೆ.

ಇಟಲಿಯ ಕ್ಯಾಮಿಲೊ ಗಾಲ್ಜಿ 1873ರಲ್ಲಿ ತೋರಿಸಿಕೊಟ್ಟ ಬೆಳ್ಳಿಯ ಬಣ್ಣ ಕೆಲವೇ ನರಕೋಶಗಳಿಗೆ ಹತ್ತುತ್ತದೆ, ಹತ್ತಿದ್ದಕ್ಕೆ ಮಾತ್ರ ಕೊಂಬೆ ರೆಂಬೆ ಸಮೇತ. ಎಲ್ಲಕ್ಕೂ ಹತ್ತಿದ್ದರೆ ಬರೀ ಕಪ್ಪು ಕಾಣುತ್ತಿತ್ತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಮತ್ತು ಸಂಗಡಿಗರು ಇದೇ ಬಣ್ಣ ನೆಚ್ಚಿ ಮಾಡಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಒತ್ತಡ ಹುಟ್ಟಿಸಲೆಂದು ಇಲಿಗಳನ್ನು ದಿನಕ್ಕೆ 2 ತಾಸಿನಂತೆ 10 ದಿನ ಮಿಸುಕಾಡದಂತೆ ಹಿಡಿದಿಟ್ಟಿದ್ದರು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನಲ್ಲಿ ರೆಂಬೆಗಳು ಮೊಟಕಾದವು. ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾದಲ್ಲಿ ಚಾಚಿ ಬೆಳೆದವು! ಬರಿಗಣ್ಣಿನ ಅಂದಾಜಿಗೆ ಸಿಕ್ಕುವ ವ್ಯತ್ಯಾಸವಲ್ಲ ಇದು. ಅಳೆದಾಗಲೇ ಕಂಡದ್ದು.

ಅಳೆಯುವ ಬಗೆಯನ್ನು 1953ರಲ್ಲಿ ಡೊನಾಲ್ಡ್ ಶೋಲ್ ಹೇಳಿಕೊಟ್ಟಿದ್ದರು: ಕೋಶದ ಸುತ್ತ ಸಮ ಅಂತರದಲ್ಲಿ ವೃತ್ತ ಎಳೆಯುತ್ತ ಹೋಗಿ, ಪ್ರತಿ ವೃತ್ತವನ್ನು ಎಷ್ಟು ರೆಂಬೆ ದಾಟುತ್ತವೆ ಎಣಿಸಿ. ಕೈಯಿಂದ ಮಾಡಿದರೆ ದಿನಗಟ್ಟಲೆ ಹಿಡಿಯುವ ಕೆಲಸ. ಈಗ ತಂತ್ರಾಂಶಗಳಿವೆ. ಅಮೆರಿಕದಲ್ಲಿ ವೇಯ್ನ್ ರಾಸ್‌ಬ್ಯಾಂಡ್ ರೂಪಿಸಿದ ಇಮೇಜ್‌ಜೆ ಬಿಟ್ಟಿಯಾಗಿ ಸಿಗುತ್ತದೆ. ಬಾಗಲಕೋಟೆಯ ವೈದ್ಯ ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.

ಪ್ರತಿಕಾಯ ಬಳಸಿ ಬೇಕಾದ ಕೋಶಕ್ಕಷ್ಟೇ ಬಾದಾಮಿ ಬಂಡೆಯಂಥ ಕೆಂಗಂದು ಹಿಡಿಸುವುದೂ ಉಂಟು. ಅಲ್ಲಿ ಎರಡು ಕೋಶ ಅಂಟಿಕೊಂಡಿದ್ದರೆ? ತಂತ್ರಾಂಶ ಚಿತ್ರವನ್ನು ಏರು ತಗ್ಗಿನ ಹೊಲವೆಂದು ತಿಳಿದು ನೀರು ತುಂಬಿಸುತ್ತದೆ. ಎರಡು ತಗ್ಗಿನ ನೀರು ಕೂಡುವ ಕಡೆ ಒಡ್ಡು ಹಾಕುತ್ತದೆ. ಹುನಗುಂದದ ಎರೆಹೊಲದಲ್ಲಿ ಒಡ್ಡು ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನಗೆ ಮುಖ್ಯವೆನಿಸುವುದು ಬೇರೆ. ಕಂಪ್ಯೂಟರಿಗೆ ಚಿತ್ರವೆಂದರೆ ಸಾಮಾನ್ಯವಾಗಿ 0ಯಿಂದ 255ರವರೆಗಿನ ಅಂಕಿಗಳ ಹಾಸು. ಎಷ್ಟಕ್ಕಿಂತ ಗಾಢವಾದದ್ದು ಕೋಶ ಎಂದು ಗೆರೆ ಹಾಕುವವರು ಮನುಷ್ಯರು. ಗೆರೆ ತುಸು ಸರಿದರೆ ಲೆಕ್ಕವೇ ಬೇರೆ. ಅದಕ್ಕೇ ಯಾವ ಹೋಳು ಯಾವ ಇಲಿಯದೆಂದು ಎಣಿಸುವವರಿಗೆ ತಿಳಿಸುವಂತಿಲ್ಲ. ಗಾಜಿನ ಮೇಲೆ ಬರೀ ಗುರುತಿನ ಸಂಖ್ಯೆ ಇರಬೇಕು.

2004ರಲ್ಲಿ ಚಟರ್ಜಿ ಅವರ ತಂಡ ಮತ್ತೆ ಎಣಿಸಿತು, ಈ ಸಲ ಇಲಿಗಳಿಗೆ 21 ದಿನ ನೆಮ್ಮದಿ ಕೊಟ್ಟ ಮೇಲೆ. ಹಿಪೊಕ್ಯಾಂಪಸ್‌ನ ರೆಂಬೆಗಳು ಚೇತರಿಸಿಕೊಂಡಿದ್ದವು. ಅಮಿಗ್ಡಲಾದವು ಬೆಳೆದಷ್ಟೇ ಉಳಿದಿದ್ದವು.