ತಗ್ಗಿಸಿದ ಪಿಕಪ್: ಸವಾರಿಯ ಸುಖ, ಹೊರೆಯ ಲೆಕ್ಕ

ಪಿಕಪ್ ವಾಹನವನ್ನು ನೆಲಕ್ಕೆ ಹತ್ತಿರವಾಗುವಂತೆ ತಗ್ಗಿಸಿ ಓಡಿಸುತ್ತಾರೆಂದರೆ ಕರ್ನಾಟಕದ ಸರಕು ಸಾಗಣೆದಾರರಿಗೆ ವಿಚಿತ್ರವೆನಿಸೀತು. ಇಲ್ಲಿ ಮಾಲೀಕರು ಗ್ಯಾರೇಜಿಗೆ ಹೋಗುವುದು ಸ್ಪ್ರಿಂಗಿಗೆ ಇನ್ನೊಂದು ಪ್ಲೇಟು ಸೇರಿಸಿ ಎತ್ತರಿಸಲು. ಅಮೆರಿಕದಲ್ಲಾದರೋ ತಗ್ಗಿಸುವುದೇ ಹಲವು ದಶಕಗಳ ಹಳೆಯ ಹವ್ಯಾಸ. ಅದನ್ನು ನಂಬಿ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆಗಳೂ ಇವೆ. ಇಂತಹ ತಯಾರಕರನ್ನು ಒಳಗೊಂಡ 'ಸೆಮಾ' ಸಂಘವು 1963ರಲ್ಲಿ ಸ್ಥಾಪನೆಯಾಯಿತು. ಅದರ ವಾರ್ಷಿಕ ವಾಣಿಜ್ಯ ಪ್ರದರ್ಶನವು ಲಾಸ್ ವೇಗಸ್‌ನಲ್ಲಿ ನಡೆಯುತ್ತದೆ.

ಎತ್ತರ ತಗ್ಗಿಸುವುದು ಕಷ್ಟವಲ್ಲ, ಸವಾರಿಯ ಸುಖ ಉಳಿಸಿಕೊಳ್ಳುವುದು ಕಷ್ಟ. ಸುರುಳಿ ಸ್ಪ್ರಿಂಗನ್ನು ಕತ್ತರಿಸುವುದು ಅಗ್ಗದ ಮಾರ್ಗ. ಕೆಲಸ ಮಾಡುವ ಎಂಟು ಸುತ್ತುಗಳಲ್ಲಿ ಒಂದನ್ನು ತೆಗೆದರೆ ಸ್ಪ್ರಿಂಗಿನ ಬಿಗುವು ಸುಮಾರು ಶೇ. 14ರಷ್ಟು ಹೆಚ್ಚುತ್ತದೆ. ಗ್ಯಾಸ್ ಜ್ವಾಲೆಯಿಂದ ಕಾಯಿಸಿ ಕುಗ್ಗಿಸಿದರೆ ಉಕ್ಕಿನ ಹದವೇ ಕೆಡುತ್ತದೆ. ಆದರೆ ಪ್ರಯಾಣಿಕರ ಬೆನ್ನಿಗೆ ತಾಗುವ ಪೆಟ್ಟಿಗೆ ಸ್ಪ್ರಿಂಗಿನ ಬಿಗುವಿಗಿಂತ ಮುಖ್ಯವಾದ ಕಾರಣ ಬೇರೊಂದಿದೆ. ಗುಂಡಿ, ಉಬ್ಬುಗಳಲ್ಲಿ ಚಕ್ರವು ಮೇಲೇಳಲು ಬೇಕಾದ ಜಾಗವೇ ಕಡಿಮೆಯಾಗಿರುತ್ತದೆ. ಆಕ್ಸಲ್ ಹೋಗಿ ಷಾಸಿಯ ಕೆಳಗಿನ ತಡೆರಬ್ಬರಿಗೆ ಬಡಿಯುತ್ತದೆ.

ಆದುದರಿಂದಲೇ ಅನುಭವಿ ತಯಾರಕರು ಸ್ಪ್ರಿಂಗನ್ನು ಮುಟ್ಟದೆ ಚಕ್ರದ ಸ್ಥಾನವನ್ನೇ ಬದಲಿಸುತ್ತಾರೆ. 1988ರಿಂದ ತಯಾರಾದ ಷೆವ್ರೊಲೆ ಸಿ-1500 ಪಿಕಪ್‌ನ ಮುಂಭಾಗಕ್ಕೆ ವಿಶೇಷ ಸ್ಪಿಂಡಲ್ ದೊರೆಯುತ್ತದೆ. ಅದರಲ್ಲಿ ಚಕ್ರ ಕೂರುವ ದಂಡವು ಮೂಲದ್ದಕ್ಕಿಂತ ಸುಮಾರು 2 ಅಂಗುಲ ಮೇಲಿರುತ್ತದೆ. ಅದನ್ನು ಜೋಡಿಸಿದಾಗ ವಾಹನವು ಅಷ್ಟು ಕೆಳಗಿಳಿದರೂ ಸ್ಪ್ರಿಂಗು, ತೋಳು, ಷಾಕ್ ಅಬ್ಸಾರ್ಬರುಗಳು ಕಾರ್ಖಾನೆಯವರು ಇಟ್ಟ ಕೋನದಲ್ಲಿಯೇ ಉಳಿಯುತ್ತವೆ. ಫೋರ್ಡ್ ರೇಂಜರ್‌ನ ಹಳೆಯ ಮಾದರಿಗಳ ಕಥೆ ಬೇರೆ. ಅವುಗಳ ಮುಂಚಕ್ರಗಳು ಎರಡು ಪ್ರತ್ಯೇಕ ಐ-ಬೀಮುಗಳ ಮೇಲೆ ನಿಂತಿವೆ. ಬರೀ ಗಿಡ್ಡ ಸ್ಪ್ರಿಂಗ್ ಹಾಕಿದರೆ ಚಕ್ರದ ಮೇಲ್ತುದಿ ಒಳಗೆ ವಾಲಿ ಟೈರಿನ ಒಳಅಂಚು ಬೇಗ ಸವೆಯುತ್ತದೆ. ಅದಕ್ಕಾಗಿ ಬೀಮನ್ನೇ ಬೇರೆ ಆಕಾರದಲ್ಲಿ ಮಾಡಿಸಬೇಕಾಗುತ್ತದೆ.

ಹಿಂಭಾಗದಲ್ಲಿ ಲೀಫ್ ಸ್ಪ್ರಿಂಗಿನ ಕೆಳಗಿರುವ ಆಕ್ಸಲನ್ನು ಅದರ ಮೇಲಕ್ಕೆ ಸ್ಥಳಾಂತರಿಸುವ ಕ್ರಮವುಂಟು. ಇದರಿಂದ 5-6 ಅಂಗುಲ ತಗ್ಗುತ್ತದೆ, ಸ್ಪ್ರಿಂಗಿನ ಮೃದುತ್ವ ಕೆಡುವುದಿಲ್ಲ. ಆದರೆ ಆಕ್ಸಲ್ ಷಾಸಿಗೆ ತಾಗದಂತೆ ಷಾಸಿಯಲ್ಲಿ ಕಮಾನಿನಾಕಾರದ ತೋಡು ಕತ್ತರಿಸಿ ದಪ್ಪ ಉಕ್ಕಿನ ಪಟ್ಟಿಯಿಂದ ಬಲಪಡಿಸಲೇಬೇಕು. ಗಿಡ್ಡ ಷಾಕ್ ಅಬ್ಸಾರ್ಬರ್ ಬೇಕು. ಪ್ರೊಪೆಲ್ಲರ್ ಷಾಫ್ಟಿನ ಕೋನವನ್ನೂ ಸರಿಪಡಿಸಬೇಕು. ಇಲ್ಲವಾದರೆ ವೇಗದಲ್ಲಿ ನಡುಕ ಕಾಣಿಸಿಕೊಳ್ಳುತ್ತದೆ.

ವ್ಯಾಪಾರಿಗೆ ಇದರಲ್ಲಿ ಮುಖ್ಯವಾದದ್ದು ಹೊರೆ. ಖಾಲಿ ವಾಹನದಲ್ಲಿ ಆಕ್ಸಲಿಗೂ ತಡೆರಬ್ಬರಿಗೂ 100 ಮಿ.ಮೀ. ಅಂತರವಿದೆ, ಪ್ರತಿ 10 ಕಿಲೋ ಹೊರೆಗೆ ಹಿಂಬದಿ 1 ಮಿ.ಮೀ. ಇಳಿಯುತ್ತದೆ ಎಂದು ಭಾವಿಸೋಣ. ಹಿಂದೆ 500 ಕಿಲೋ ಹೇರಿದರೆ 50 ಮಿ.ಮೀ. ಉಳಿಯುತ್ತದೆ. ಅದೇ ವಾಹನವನ್ನು ತೋಡು ಮಾಡದೆ 50 ಮಿ.ಮೀ. ತಗ್ಗಿಸಿದ್ದರೆ ಉಳಿಯುವುದು ಸೊನ್ನೆ. ತೋಡು ಎಷ್ಟು ಆಳವೋ ಅಷ್ಟು ಚಲನೆ ಮಾತ್ರ ಮರಳಿ ದೊರೆಯುತ್ತದೆ. ಖಾಲಿ ಓಡಿಸಿ ನೋಡಿ ಮೆಚ್ಚಿಕೊಳ್ಳುವವರು ಮರೆಯುವ ಲೆಕ್ಕವಿದು. ಬಿಡಿಭಾಗವೊಂದನ್ನೇ ಮಾರುವುದಕ್ಕಿಂತ ಷಾಕ್, ತಡೆರಬ್ಬರು, ಬಲಪಟ್ಟಿಗಳನ್ನೆಲ್ಲ ಕೂಡಿಸಿ, ಹೊರೆಯ ಮಿತಿ ನಮೂದಿಸಿ ಸೆಟ್ ಆಗಿ ಮಾರುವುದು ಸುರಕ್ಷಿತವೆನ್ನಲು ಇದೇ ಕಾರಣ.

ಭಾರತದಲ್ಲಿ ಈ ಕೆಲಸಕ್ಕೆ ಕಾನೂನಿನ ಅಡ್ಡಿಯುಂಟು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಸೂಚಿಸಿದ್ದಕ್ಕಿಂತ ಭಿನ್ನವಾಗುವಂತಹ ಬದಲಾವಣೆಯನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗಾಗಿ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಅಥವಾ ಎರಡನ್ನೂ ವಿಧಿಸಬಹುದು. ಹೀಗಾಗಿ ಬೆಳಗಾವಿಯ ಎರಕದ ಕಾರ್ಖಾನೆಗಳಾಗಲಿ, ಪೀಣ್ಯದ ಯಂತ್ರಶಾಲೆಗಳಾಗಲಿ ಇಂತಹ ಭಾಗಗಳತ್ತ ನೋಡುವುದಾದರೆ ರಫ್ತಿನ ದೃಷ್ಟಿಯಿಂದಲೇ ನೋಡಬೇಕು. ಸ್ಪಿಂಡಲ್ ಮುರಿದರೆ ಓಡುತ್ತಿರುವ ವಾಹನದಿಂದ ಚಕ್ರವೇ ಕಳಚುತ್ತದೆ. ಆರ್ಡರ್ ಒಪ್ಪಿಕೊಳ್ಳುವ ಮುನ್ನ ಲೋಹದ ದರ್ಜೆ, ಬಿರುಕು ತಪಾಸಣೆಯ ಕ್ರಮ ಹಾಗೂ ಅಪಘಾತದ ಹೊಣೆ ಯಾರದೆಂಬುದನ್ನು ಖರೀದಿದಾರರಿಂದ ಬರಹದಲ್ಲಿ ಪಡೆದಿಟ್ಟುಕೊಳ್ಳುವುದು ಲೇಸು.