ಫಲಿತಾಂಶದ ಬೆಳಗಿನಲ್ಲಿ ಸರ್ವರಿನ ಬಾಗಿಲು ಕಾಯುವ ಲೆಕ್ಕ

2024ರ ಮೇ 10ರಂದು ಬೆಳಿಗ್ಗೆ 9.30ಕ್ಕೆ ತಮಿಳುನಾಡಿನ ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾಯಿತು. ಪರೀಕ್ಷೆ ಬರೆದವರು ಸುಮಾರು 9 ಲಕ್ಷ ಮಂದಿ. ಅಂಥ ಬೆಳಗಿನಲ್ಲಿ ಸೂಳಗಿರಿಯ ಮನೆಗಳಲ್ಲಿ ಏನು ನಡೆಯುತ್ತದೆಂದು ಮಕ್ಕಳನ್ನು ಓದಿಸಿದವರಿಗೆ ಹೇಳಬೇಕಾಗಿಲ್ಲ. ನೋಂದಣಿ ಸಂಖ್ಯೆಯನ್ನೂ ಹುಟ್ಟಿದ ದಿನವನ್ನೂ ತುಂಬಿ ಗುಂಡಿ ಒತ್ತುತ್ತಾರೆ. ಪುಟ ತಡವಾದರೆ ಮತ್ತೊಮ್ಮೆ ಒತ್ತುತ್ತಾರೆ. ತಾಳ್ಮೆ ಮುಗಿದರೆ ಹತ್ತು ಸಲ. ಒತ್ತಿದ ಪ್ರತಿ ಸಲವೂ ಸರ್ವರಿಗೆ ಹೊಸ ಬೇಡಿಕೆಯೇ ಆದ್ದರಿಂದ ಕಾತರದ ಒಂದು ಮನೆ ಅದರ ಕಣ್ಣಿಗೆ ಹತ್ತು ಮನೆಯಾಗಿ ಕಾಣುತ್ತದೆ.

ಮಳೆಗಾಲದ ಕೆರೆಗೆ ತೂಬೂ ಕೋಡಿಯೂ ಇರುವಂತೆ ಸರ್ವರಿಗೂ ಒಂದು ಕಟ್ಟುಪಾಡು ಬೇಕು. ಒಬ್ಬರಿಂದ ನಿಮಿಷಕ್ಕೆ ಇಷ್ಟೇ ಬೇಡಿಕೆ ಎಂದು ಗೊತ್ತುಪಡಿಸಿ, ಮೀರಿದ್ದನ್ನು ಬಾಗಿಲಲ್ಲೇ ತಡೆಯುವ ಈ ಏರ್ಪಾಡಿಗೆ ‘ರೇಟ್ ಲಿಮಿಟಿಂಗ್’ ಎಂದು ಹೆಸರು. ಇದಕ್ಕಾಗಿ ಸಿದ್ಧಪಡಿಸಿದ ಲೈಬ್ರರಿಗಳು, ಎಂದರೆ ಬರೆದಿಟ್ಟ ಆದೇಶಗಳ ಕಟ್ಟುಗಳು, ಹೇರಳವಾಗಿ ದೊರೆಯುತ್ತವೆ.

ಆದರೆ ಲೆಕ್ಕವನ್ನು ಎಲ್ಲಿ ಬರೆದಿಡುವುದು? ದೊಡ್ಡ ಜಾಲತಾಣವನ್ನು ಒಂದೇ ಯಂತ್ರ ನಡೆಸುವುದಿಲ್ಲ. ಹಲವು ಯಂತ್ರಗಳು ಬೇಡಿಕೆಗಳನ್ನು ಹಂಚಿಕೊಳ್ಳುತ್ತವೆ. ಪ್ರತಿಯೊಂದೂ ತನ್ನ ಲೆಕ್ಕವನ್ನು ತಾನೇ ಇಟ್ಟುಕೊಂಡರೆ ನಿಮಿಷಕ್ಕೆ 10 ಎಂಬ ಮಿತಿ ಹತ್ತು ಯಂತ್ರಗಳಲ್ಲಿ 100 ಆಗಿಬಿಡುತ್ತದೆ. ಆದುದರಿಂದ ಎಲ್ಲ ಯಂತ್ರಗಳೂ ನೋಡಿ ಬರೆಯುವ ಒಂದೇ ಖಾತೆಪುಸ್ತಕ, ಅಂದರೆ ಡೇಟಾಬೇಸ್, ಬೇಕಾಗುತ್ತದೆ. ಇಟಲಿಯ ಸಾಲ್ವಟೋರೆ ಸ್ಯಾನ್‌ಫಿಲಿಪ್ಪೊ 2009ರಲ್ಲಿ ಹೊರತಂದ ‘ರೆಡಿಸ್’ ಈ ಕೆಲಸಕ್ಕೆ ಬಹಳ ಬಳಕೆಯಲ್ಲಿದೆ. ಎರಡು ಯಂತ್ರಗಳು ಒಂದೇ ಕ್ಷಣದಲ್ಲಿ ‘ಈಗ 9’ ಎಂದು ಓದಿ, ಎರಡೂ ‘ಇದು ಹತ್ತನೆಯದು’ ಎಂದು ಒಳಬಿಟ್ಟರೆ ಲೆಕ್ಕ ಕೆಟ್ಟಿತು. ರೆಡಿಸಿನಲ್ಲಿ ಓದುವುದೂ ಒಂದು ಕೂಡಿಸುವುದೂ ಒಂದೇ ಆದೇಶ. ನಡುವೆ ಮತ್ತೊಂದು ಯಂತ್ರ ತಲೆಹಾಕಲಾರದು. ಗೊತ್ತಾದ ಅವಧಿ ಮುಗಿದೊಡನೆ ಎಣಿಕೆ ತಾನಾಗಿ ಅಳಿಯುವಂತೆ ಮಾಡುವುದು ಬೇರೊಂದು ಆದೇಶ. ಮೊದಲನೆಯದು ನಡೆದು, ಎರಡನೆಯದು ನಡೆಯುವ ಮುನ್ನವೇ ಯಂತ್ರ ನಿಂತುಹೋದರೆ ಆ ಎಣಿಕೆ ಅಳಿಯುವುದೇ ಇಲ್ಲ. ಮಿತಿ ತುಂಬಿದ ಮೇಲೆ ಆ ಬಳಕೆದಾರನಿಗೆ ಬಾಗಿಲು ಮುಚ್ಚಿಯೇ ಇರುತ್ತದೆ, ತಪ್ಪು ಅವನದಲ್ಲದಿದ್ದರೂ. ಎರಡನ್ನೂ ಬಿಡಿಸಲಾಗದಂತೆ ಒಟ್ಟಿಗೆ ನಡೆಸುವುದು ಒಳ್ಳೆಯ ಲೈಬ್ರರಿಯ ಲಕ್ಷಣ. ನಾಲ್ಕು ಸಾಲು ಸ್ವಂತವಾಗಿ ಬರೆದುಕೊಂಡರಾಯಿತು ಎನ್ನುವ ಉತ್ಸಾಹಿಗಳು ಎಡವುವುದು ಇಂಥ ಕಡೆಯೇ.

ಇದಕ್ಕಿಂತ ತೊಡಕಿನ ಪ್ರಶ್ನೆ ಇನ್ನೊಂದಿದೆ: ಎಣಿಸುವುದು ಯಾರನ್ನು? ಅಂತರಜಾಲದ ಸಂಪರ್ಕಕ್ಕೆ ದೊರೆಯುವ ಐಪಿ ವಿಳಾಸವನ್ನು ಹಿಡಿದು ಎಣಿಸುವುದು ಸುಲಭ. 2021ರಲ್ಲಿ ಲಸಿಕೆಗಾಗಿ ರೂಪುಗೊಂಡ ಕೋವಿನ್ ವ್ಯವಸ್ಥೆ ಹೊರಗಿನ ತಂತ್ರಾಂಶಗಳಿಗೆ ಮಾಹಿತಿ ಕೊಡುವಾಗ, ಒಂದು ಐಪಿ ವಿಳಾಸದಿಂದ 5 ನಿಮಿಷಕ್ಕೆ 100 ಬೇಡಿಕೆ ಎಂಬ ಮಿತಿಯನ್ನೇ ಇಟ್ಟಿತ್ತು. ಲಸಿಕೆಯ ಸ್ಥಾನಗಳನ್ನು ಯಂತ್ರದ ಮೂಲಕ ಕ್ಷಣಕ್ಷಣವೂ ಹುಡುಕುತ್ತಿದ್ದವರಿಗೆ ಅದು ಕಡಿವಾಣ. ಆದರೆ ಮೊಬೈಲ್ ಜಾಲಗಳಲ್ಲಿ ಎಷ್ಟೋ ಚಂದಾದಾರರು ಒಂದೇ ವಿಳಾಸದ ಹಿಂದೆ ಇರುತ್ತಾರೆ. ಶಾಲೆಯಲ್ಲಿರುವುದು ಒಂದೇ ಕಂಪ್ಯೂಟರ್. ಮುಖ್ಯೋಪಾಧ್ಯಾಯರು ಅದರ ಮುಂದೆ ಕುಳಿತು 40 ಮಕ್ಕಳ ಫಲಿತಾಂಶವನ್ನು ಒಂದೊಂದಾಗಿ ನೋಡುತ್ತಾರೆನ್ನೋಣ. ವಿಳಾಸವನ್ನಷ್ಟೇ ಬಲ್ಲ ಸರ್ವರಿಗೆ ಅವರು ದಾಳಿಕೋರರಂತೆ ಕಾಣುತ್ತಾರೆ. ಹನ್ನೊಂದನೆಯ ಮಗುವಿನ ಸರದಿಗೆ ಬಾಗಿಲು ಮುಚ್ಚಿದರೆ, ಹಿಂದೆ ನಿಂತ ತಾಯಿಗೆ ಅದರ ಕಾರಣವನ್ನು ಹೇಳುವವರು ಯಾರೂ ಇಲ್ಲ. ಮನೆಗೆ ನಾಲ್ಕು ಮೊಬೈಲುಗಳಿರುವ ನಗರಕ್ಕೆ ಈ ಕಷ್ಟ ತಿಳಿಯದು.

ಪಡಿತರ ಅಂಗಡಿಗೆ ಈ ವಿವೇಕ ಗೊತ್ತಿದೆ. ಪೊಂಗಲ್ ಉಡುಗೊರೆ ಹಂಚುವಾಗ ದಿನ, ಸಮಯ ಬರೆದ ಟೋಕನ್‌ಗಳನ್ನು ಕುಟುಂಬದ ಪಡಿತರ ಚೀಟಿ ನೋಡಿ ಕೊಡುತ್ತಾರೆ. ಬೀದಿಗೆ ಇಷ್ಟು ಎಂದು ಯಾರೂ ಕೊಡುವುದಿಲ್ಲ. ಫಲಿತಾಂಶದ ತಾಣದಲ್ಲಿ ಆ ಚೀಟಿಯ ಸ್ಥಾನದಲ್ಲಿರುವುದು ನೋಂದಣಿ ಸಂಖ್ಯೆ. ಒಂದು ಸಂಖ್ಯೆಗೆ ನಿಮಿಷಕ್ಕೆ ಮೂರೋ ನಾಲ್ಕೋ ಸಲ ಎಂದಿಟ್ಟರೆ ಗುಂಡಿ ಒತ್ತುತ್ತಲೇ ಇರುವವರಿಗೆ ತಡೆ ಬೀಳುತ್ತದೆ, ಶಾಲೆಯ ಕಂಪ್ಯೂಟರಿಗೆ ಬೀಳುವುದಿಲ್ಲ. ಹಾಗೆಂದು ವಿಳಾಸದ ಮಿತಿಯನ್ನು ಪೂರ್ತಿ ತೆಗೆದುಹಾಕಲೂ ಆಗದು: ಸಂಖ್ಯೆಗಳನ್ನು ವರುಸೆಯಾಗಿ ತುಂಬಿ ಎಲ್ಲ ಮಕ್ಕಳ ಅಂಕಗಳನ್ನೂ ದೋಚಲು ಹೊರಟ ಯಂತ್ರ ಪ್ರತಿ ಸಂಖ್ಯೆಯನ್ನು ಮಿತಿಯೊಳಗೇ ಬಳಸಬಹುದು. ಆದುದರಿಂದ ಎರಡು ಲೆಕ್ಕಗಳು ಬೇಕು, ಸಂಖ್ಯೆಗೆ ಬಿಗಿಯಾದುದು, ವಿಳಾಸಕ್ಕೆ ಸಡಿಲವಾದುದು. ಲೈಬ್ರರಿಗೆ ಇದು ಒಂದೆರಡು ಸಾಲಿನ ಕೆಲಸ. ಸಾಲು ಬರೆಯುವವನಿಗೆ ಒಂದೇ ಕಂಪ್ಯೂಟರಿನ ಶಾಲೆ ನೆನಪಿರಬೇಕು, ಅಷ್ಟೆ.

ತಡೆದಾಗ ಏನು ಹೇಳಬೇಕೆಂಬುದೂ 2012ರಿಂದ ಗೊತ್ತಾಗಿದೆ. ‘ಬೇಡಿಕೆಗಳು ಹೆಚ್ಚಾದವು’ ಎಂಬುದಕ್ಕೆ ಅಂತರಜಾಲದ ಸಂಕೇತ 429. ಅದರೊಡನೆ ಎಷ್ಟು ಸೆಕೆಂಡು ಕಾಯಬೇಕೆಂಬ ಅಂಕಿಯನ್ನೂ ಕಳುಹಿಸಬಹುದು. ಬಿಳಿಯ ಪುಟ ಕಂಡವರು ಮತ್ತೆ ಮತ್ತೆ ಒತ್ತುತ್ತಾರೆ, ನೂಕುನುಗ್ಗಲು ಇನ್ನಷ್ಟು ಬೆಳೆಯುತ್ತದೆ. ಆ ಅಂಕಿಯನ್ನು ಓದಿ ‘ಇನ್ನು 60 ಸೆಕೆಂಡು ಕಾಯಿರಿ’ ಎಂಬ ಸಾಲನ್ನು ತಮಿಳಿನಲ್ಲೂ ಕನ್ನಡದಲ್ಲೂ ತೆಲುಗಿನಲ್ಲೂ ತೋರಿಸಲು ಸರ್ವರಿಗೆ ಯಾವ ಹೆಚ್ಚಿನ ಶ್ರಮವೂ ಇಲ್ಲ.